ಎಳೆಗೂಸಿನ ದನಿ: ಅಳುವಿನೊಳಗೆ, ಅಳುವಿನಾಚೆಗೆ

ಹುಟ್ಟಿದ ಕೂಸಿಗೆ ಅಳುವುದೊಂದೇ ಗೊತ್ತು ಎನ್ನುವವರು ಬಾಣಂತಿಯ ಕೋಣೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಬೇಕು. ಮಗು ಮುಲುಗುತ್ತದೆ, ಮೈಮುರಿಯುತ್ತ ಗೊರಗುಟ್ಟುತ್ತದೆ, ಸೀನುತ್ತದೆ, ಬಿಕ್ಕಳಿಸುತ್ತದೆ. ಇವುಗಳ ನಡುವೆ, ಹಸಿವೂ ಇಲ್ಲದ ನೋವೂ ಇಲ್ಲದ ಹೊತ್ತಿನಲ್ಲಿ, ‘ಅ’ಕಾರವೋ ‘ಎ’ಕಾರವೋ ಎಂದು ಹೇಳಲಾಗದ ಒಂದು ಚಿಕ್ಕ ದನಿ ಬಂದು ಹೋಗುತ್ತದೆ. ಮನೆಯವರು ಅದಕ್ಕೆ ತಿರುಗಿಯೂ ನೋಡುವುದಿಲ್ಲ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ಕಿಂಬ್ರೋ ಆಲರ್ ಮತ್ತು ಅವರ ಜೊತೆಗಾರರು ಮನೆಗಳಲ್ಲಿ ದಿನವಿಡೀ ಧ್ವನಿಮುದ್ರಣ ಮಾಡಿ, ಅದರಿಂದ ಆಯ್ದ ತುಣುಕುಗಳಲ್ಲಿ ದನಿಗಳನ್ನು ಒಂದೊಂದಾಗಿ ಎಣಿಸಿದರು. 2021ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನಮ್ಮ ರೂಢಿಯ ತಿಳಿವಳಿಕೆಯನ್ನೇ ತಿರುವಿ ಹಾಕುತ್ತದೆ. ಮೊದಲ ತಿಂಗಳಿಂದಲೇ ಇಂಥ ಅಳುವಲ್ಲದ, ಮಾತಿನ ಕಡೆಗೆ ಮುಖ ಮಾಡಿದ ದನಿಗಳು ಅಳುವಿಗಿಂತ ಕನಿಷ್ಠ ಐದು ಪಟ್ಟು ಹೆಚ್ಚು.

ಅಳುವಿನ ಬಗ್ಗೆ ನಾವು ಬಹಳ ಯೋಚಿಸಿದ್ದೇವೆ, ಉಳಿದ ದನಿಗಳ ಬಗ್ಗೆ ತೀರ ಕಡಿಮೆ. ಅಳುವಿಗೆ ಇಲ್ಲದ ಅರ್ಥಗಳನ್ನು ಹೊರಿಸಿದ್ದೇವೆ, ಅರ್ಥದ ಬೀಜವಿರುವ ದನಿಗಳನ್ನು ಕಡೆಗಣಿಸಿದ್ದೇವೆ. ಕಳೆದ ಆರು ದಶಕಗಳ ಸಂಶೋಧನೆಯನ್ನು ಒಟ್ಟಾಗಿ ನೋಡಿದಾಗ ನನಗೆ ಎದ್ದು ಕಾಣುವುದು ಇದೇ. ಆದರೆ ಅಳುವಿಗಾಗಲಿ ಉಳಿದ ದನಿಗಾಗಲಿ ಯಂತ್ರ ಒಂದೇ. ಮೊದಲು ಆ ಯಂತ್ರವನ್ನು ನೋಡೋಣ.

ಎಲ್ಲ ದನಿಗೂ ಮೂಲ ಉಸಿರು. ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದ ತುಂಬ ದ್ರವವಿರುತ್ತದೆ. ಅದು ಸುತ್ತಲಿನ ಗರ್ಭಜಲ ಒಳಹೊಕ್ಕು ತುಂಬಿದ್ದಲ್ಲ, ಶ್ವಾಸಕೋಶದ ಕೋಶಗಳೇ ಒಸರಿಸಿದ್ದು. ಹೆರಿಗೆ ನೋವು ಶುರುವಾದಾಗ ಮಗುವಿನ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ಆಗ ಇದುವರೆಗೆ ದ್ರವ ಒಸರುತ್ತಿದ್ದ ಅದೇ ಕೋಶಗಳು ಅದನ್ನು ಹೀರತೊಡಗುತ್ತವೆ. ನೋವು ಬರುವ ಮುನ್ನವೇ ಸಿಸೇರಿಯನ್ ಆದ ಕೆಲವು ಮಕ್ಕಳು ಮೊದಲ ದಿನ ಏದುಸಿರು ಬಿಡುವುದಕ್ಕೆ ಇದೊಂದು ಕಾರಣ. ಅವರ ಶ್ವಾಸಕೋಶಕ್ಕೆ ಒಣಗಲು ಸಮಯ ಸಿಕ್ಕಿರುವುದಿಲ್ಲ. ಹೊರಗೆ ಬಂದ ಮೈಗೆ ತಣ್ಣನೆಯ ಗಾಳಿ ತಾಕುತ್ತದೆ, ಕೈಗಳು ಮುಟ್ಟುತ್ತವೆ, ಹೊಕ್ಕುಳಬಳ್ಳಿಯ ಹರಿವು ನಿಂತು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ವಪೆ ಕುಸಿದು ಗಾಳಿ ಒಳನುಗ್ಗುತ್ತದೆ.

ಇಲ್ಲಿ ದನಿಗೆ ಒಂದು ನಿಜವಾದ ಕೆಲಸವಿದೆ. ಒಳಗೆಳೆದ ಉಸಿರನ್ನು ಮಗು ಹಾಗೇ ಬಿಟ್ಟುಬಿಡುವುದಿಲ್ಲ. ಗಂಟಲಿನ ಬಾಗಿಲನ್ನು ಅರೆ ಮುಚ್ಚಿ, ಒತ್ತಿ ಬಿಡುತ್ತದೆ. ಆ ಒತ್ತಡದಿಂದ ಶ್ವಾಸಕೋಶದ ಗಾಳಿಗೂಡುಗಳು ಮತ್ತೆ ಅಂಟಿಕೊಳ್ಳದೆ ತೆರೆದೇ ಉಳಿಯುತ್ತವೆ, ಉಳಿದ ದ್ರವ ಅಂಚಿಗೆ ಸರಿಯುತ್ತದೆ. ಅರೆಮುಚ್ಚಿದ ಬಾಗಿಲಿನ ಮೂಲಕ ಗಾಳಿ ಒತ್ತಿ ಬಂದಾಗ ಧ್ವನಿತಂತುಗಳು ಕಂಪಿಸುತ್ತವೆ. ನಾವು ಕೇಳುವ ಮೊದಲ ಅಳು ಅದು. ಕೂಸು ಲೋಕಕ್ಕೆ ಬಂದ ದುಃಖಕ್ಕೆ ಅಳುತ್ತದೆ ಎಂದು ಅನುಭಾವಿಗಳು ಹೇಳಿದ್ದುಂಟು. ಶರೀರಶಾಸ್ತ್ರ ಹೇಳುವುದು ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು: ಅದು ಉಸಿರಾಟವನ್ನು ನೆಲೆಗೊಳಿಸುವ ದುಡಿಮೆ.

ಹಾಗೆಂದು ಅಳದ ಮಗುವೆಲ್ಲ ಅಪಾಯದಲ್ಲಿದೆ ಎಂದಲ್ಲ. ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗರ್ 1953ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಇಂದಿಗೂ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿದೆ. ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರಚೋದನೆಗೆ ಪ್ರತಿಕ್ರಿಯೆ, ಮೈಬಣ್ಣ ಎಂಬ ಐದನ್ನು ಮೊದಲ ಮತ್ತು ಐದನೆಯ ನಿಮಿಷದಲ್ಲಿ ನೋಡುತ್ತಾರೆ. ಅಲ್ಲಿ ಅಳುವಿಗೆಂದೇ ಪ್ರತ್ಯೇಕ ಅಂಕವಿಲ್ಲ. ಅದು ಚೆನ್ನಾಗಿ ಉಸಿರಾಡುತ್ತಿರುವುದರ ಗುರುತು ಮಾತ್ರ. ಅಳದೆ ನೆಮ್ಮದಿಯಾಗಿ ಉಸಿರಾಡುವ ಮಗುವನ್ನು ಅಳಿಸಬೇಕಾದ ಅಗತ್ಯವಿಲ್ಲ. ಸಿನಿಮಾಗಳಲ್ಲಿ ತೋರಿಸುವಂತೆ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಬಡಿಯುವುದನ್ನು ಇಂದಿನ ವೈದ್ಯಕೀಯ ಒಪ್ಪುವುದಿಲ್ಲ. ಬೆಚ್ಚನೆಯ ಬಟ್ಟೆಯಲ್ಲಿ ಒರೆಸಿ, ಬೆನ್ನು ಮೆಲ್ಲಗೆ ಉಜ್ಜಬೇಕು. ಆಗಲೂ ಉಸಿರು ಬಾರದಿದ್ದರೆ ಮೊದಲ ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. ಭಾರತ ಸರ್ಕಾರ 2009ರಲ್ಲಿ ಆರಂಭಿಸಿದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ದಾದಿಯರಿಗೆ ಕೊಡುವ ತರಬೇತಿಯ ತಿರುಳು ಇದೇ.

ಗಂಟಲಿನ ಬಾಗಿಲು ಮುಚ್ಚಿ ಉಸಿರು ಹಿಡಿಯುವ ಇದೇ ತಂತ್ರ ಇನ್ನೊಂದು ದನಿಗೂ ಕಾರಣ. ಅದನ್ನು ಮನೆಯವರು ಗುರುತಿಸಲೇಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ಗಾಳಿಗೂಡುಗಳು ತೆರೆದಿರಲಾರವು. ಸೋಂಕು ತಗುಲಿದ ಮಗುವಿನಲ್ಲೂ ಹೀಗಾಗಬಹುದು. ಆಗ ಮಗು ಪ್ರತಿ ಉಸಿರು ಬಿಡುವಾಗಲೂ ‘ಊಂ... ಊಂ...’ ಎಂದು ನರಳುತ್ತದೆ. ಮೈಮುರಿಯುವಾಗಿನ ಮುಲುಕಾಟ ಬಂದು ಹೋಗುವಂಥದ್ದು. ಇದು ಹಾಗಲ್ಲ, ಲಯಬದ್ಧವಾಗಿ ಪ್ರತಿ ಉಸಿರಿಗೂ ಬರುತ್ತದೆ. ಜೊತೆಗೆ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಉಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೋರಾಗಿ ಅಳುವ ಮಗುವಿಗಿಂತ ಸಣ್ಣದಾಗಿ ನರಳುವ ಮಗುವಿನ ಬಗ್ಗೆ ಹೆಚ್ಚು ಹೆದರಬೇಕು.

ಇನ್ನು ಕಂಪಿಸುವ ಅಂಗ. ಜಪಾನಿನ ಕುರುಮೆ ವಿಶ್ವವಿದ್ಯಾಲಯದ ಮಿನೊರು ಹಿರಾನೊ ಧ್ವನಿತಂತುವಿನ ಒಳರಚನೆಯನ್ನು ಸೂಕ್ಷ್ಮದರ್ಶಕದಡಿ ಪದರ ಪದರವಾಗಿ ಬಿಡಿಸಿ ತೋರಿಸಿದವರು. ವಯಸ್ಕರ ಧ್ವನಿತಂತುವಿನಲ್ಲಿ ಮೇಲೆ ಸಡಿಲವಾದ ಪೊರೆ, ಒಳಗೆ ಸ್ನಾಯು, ಇವೆರಡರ ನಡುವೆ ಬಿಗಿಯಾದ ಅಸ್ಥಿರಜ್ಜುವಿನಂಥ ಒಂದು ಪದರ ಇರುತ್ತವೆ. ಪದರಗಳು ಬೇರೆ ಬೇರೆಯಾಗಿ ಅಲುಗುವುದರಿಂದಲೇ ದೊಡ್ಡವರ ದನಿಗೆ ಏರಿಳಿತ, ಒನಪು ಸಾಧ್ಯ. ಹುಟ್ಟಿದ ಮಗುವಿನಲ್ಲಿ ಆ ನಡುಪದರವೇ ಇಲ್ಲ. ಇಡೀ ಪೊರೆ ಒಂದೇ ಮುದ್ದೆ. ಧ್ವನಿತಂತುವಿನ ಉದ್ದ ಸುಮಾರು 2.5ರಿಂದ 3 ಮಿಲಿಮೀಟರ್ ಮಾತ್ರ. ವಯಸ್ಕ ಗಂಡಸಿನಲ್ಲಿ ಅದು 17 ಮಿಲಿಮೀಟರ್ ದಾಟುತ್ತದೆ. ಚಿಕ್ಕದಾದಷ್ಟೂ ಕಂಪನ ವೇಗವಾಗುತ್ತದೆ. ಗಂಡಸು ಮಾತಾಡುವಾಗ ಧ್ವನಿತಂತು ಸೆಕೆಂಡಿಗೆ ಹೆಚ್ಚುಕಡಿಮೆ 120 ಸಲ, ಹೆಂಗಸಿನದು 210ರ ಆಸುಪಾಸು ಕಂಪಿಸಿದರೆ ಎಳೆಗೂಸಿನದು ಅಳುವಾಗ 400ರಿಂದ 500 ಸಲ ಕಂಪಿಸುತ್ತದೆ. ಕೆಲವೊಮ್ಮೆ ಒಮ್ಮೆಲೇ 1000ಕ್ಕೂ ಮೇಲೆ ಜಿಗಿದು ಕೀರಲಾಗುತ್ತದೆ.

ಇಷ್ಟು ಕಚ್ಚಾ ಅಂಗ ಇಷ್ಟು ಹೊಡೆತವನ್ನು ಹೇಗೆ ತಡೆಯುತ್ತದೆ? ಗಂಟೆಗಟ್ಟಲೆ ಹೀಗೆ ಕೂಗಿದರೆ ದೊಡ್ಡವರ ಗಂಟಲು ಮರುದಿನ ಕಟ್ಟಿಕೊಳ್ಳುತ್ತದೆ, ಕೂಸಿನದು ಕಟ್ಟುವುದಿಲ್ಲ. ಅದಕ್ಕಿಂತ ಬೆರಗಿನ ಸಂಗತಿಯನ್ನು ಅದೇ ಕುರುಮೆಯ ಕಿಮಿನೊರಿ ಸಾಟೊ ಮತ್ತು ಸಂಗಡಿಗರು 2008ರಲ್ಲಿ ಮುಂದಿಟ್ಟರು. ಹುಟ್ಟಿನಿಂದ ದನಿ ಹೊರಡಿಸಲಾಗದೆಯೇ ಬೆಳೆದ ಕೆಲವರ ಧ್ವನಿತಂತುಗಳನ್ನು ಅವರು ಪರೀಕ್ಷಿಸಿದರು. ವಯಸ್ಸಿಗೆ ಬಂದಿದ್ದರೂ ಆ ನಡುಪದರ ಅವರಲ್ಲಿ ಸರಿಯಾಗಿ ಮೂಡಿರಲಿಲ್ಲ. ಪರೀಕ್ಷೆಗೆ ಒಳಪಟ್ಟವರು ಬೆರಳೆಣಿಕೆಯಷ್ಟು ಮಂದಿ, ಹಾಗಾಗಿ ಕೊನೆಯ ಮಾತು ಎನ್ನಲಾಗದು. ಆದರೂ ಅದು ತೋರುವ ದಿಕ್ಕು ಸ್ಪಷ್ಟ. ಧ್ವನಿತಂತು ಪೂರ್ತಿ ತಯಾರಾದ ಮೇಲೆ ದನಿ ಬರುವುದಲ್ಲ. ದನಿಯ ಕಂಪನವೇ ಧ್ವನಿತಂತುವನ್ನು ಕಟ್ಟುತ್ತದೆ. ಮೊದಲ ವರ್ಷಗಳ ಅಳು, ಕೇಕೆ, ತೊದಲುಗಳೆಲ್ಲ ಮುಂದೆ ಮಾತಾಡಬೇಕಾದ ಗಂಟಲನ್ನು ನಿರ್ಮಿಸುತ್ತಿರುತ್ತವೆ. ನಡುಪದರದ ಎಳಸು ರೂಪ ಒಂದರಿಂದ ನಾಲ್ಕು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ, ಪೂರ್ಣ ರೂಪಕ್ಕೆ ಬರಲು ಹದಿಹರೆಯ ಬೇಕು.

ಧ್ವನಿತಂತುವಿನಿಂದ ಹೊರಟ ಕಂಪನಕ್ಕೆ ಆಕಾರ ಕೊಡುವುದು ಅದರ ಮೇಲಿನ ಗಂಟಲು, ಬಾಯಿ, ಮೂಗಿನ ನಾಳ. ಗಿಡ್ಡ ಕೊಳಲು ಎತ್ತರದ ಸ್ವರಗಳಲ್ಲೇ ಮೊಳಗುವ ಹಾಗೆ, ಏಳೆಂಟು ಸೆಂಟಿಮೀಟರಿನ ಈ ನಾಳ ಎತ್ತರದ ಕಂಪನಗಳನ್ನೇ ಎತ್ತಿಹಿಡಿಯುತ್ತದೆ. ವಯಸ್ಕ ಗಂಡಸಿನ 17 ಸೆಂಟಿಮೀಟರ್ ನಾಳ ಮೊದಲು ಅನುರಣಿಸುವುದು 500 ಹರ್ಟ್ಸ್ ಆಸುಪಾಸಿನಲ್ಲಿ, ಕೂಸಿನದು 1000 ಹರ್ಟ್ಸ್‌ನಲ್ಲಿ. ಇನ್ನೊಂದು ತೊಡಕೂ ಇದೆ. ಒಂದು ಸ್ವರ ‘ಆ’ಯೋ ‘ಈ’ಯೋ ಎಂದು ನಮ್ಮ ಕಿವಿ ಗುರುತಿಸುವುದು ದನಿಯೊಳಗಿನ ಹಲವು ಕಂಪನಗಳಲ್ಲಿ ಯಾವುವು ಉಬ್ಬಿವೆ ಎಂಬುದರಿಂದ. ಕೂಸಿನ ಮೂಲ ಕಂಪನವೇ 450 ಆದರೆ ಅದರ ಮೇಲಿನವು 900, 1350 ಎಂದು ದೂರ ದೂರ ನಿಲ್ಲುತ್ತವೆ. ಆ ವಿರಳ ಸಾಲಿನಲ್ಲಿ ಉಬ್ಬು ಎಲ್ಲಿದೆ ಎಂದು ಕಿವಿಗೂ ಯಂತ್ರಕ್ಕೂ ಸುಲಭವಾಗಿ ಹೇಳಲಾಗದು. ಎಳೆಗೂಸಿನ ಸ್ವರಗಳನ್ನು ಅಕ್ಷರದಲ್ಲಿ ಬರೆಯಲು ಹೊರಟರೆ ಸೋಲುವುದು ಇದರಿಂದಲೇ.

ಕೂಸಿನ ಧ್ವನಿಪೆಟ್ಟಿಗೆ ಕತ್ತಿನಲ್ಲಿ ತುಂಬ ಮೇಲಿದೆ. ಅದರ ಮುಚ್ಚಳವಾದ ಎಪಿಗ್ಲಾಟಿಸ್ ಹಿಂಬದಿಯ ಮೃದು ಅಂಗುಳನ್ನು ಮುಟ್ಟುವಷ್ಟು ಮೇಲೆ. ಮೂಗಿನಿಂದ ಶ್ವಾಸನಾಳಕ್ಕೆ ಹೀಗೊಂದು ನೇರ ದಾರಿ ಸಿಗುವುದರಿಂದ ಮಗು ಮೊಲೆ ಬಾಯಲ್ಲಿರುವಾಗಲೂ ಉಸಿರಾಡಬಲ್ಲದು. (ಹಾಲು ನುಂಗುತ್ತಲೇ ಉಸಿರಾಡುತ್ತದೆ ಎಂಬ ಮಾತು ಮಾತ್ರ ನಿಜವಲ್ಲ, ಪ್ರತಿ ಗುಟುಕಿಗೂ ಉಸಿರು ಒಂದು ಕ್ಷಣ ನಿಲ್ಲುತ್ತದೆ.) ಸುಮ್ಮನಿದ್ದಾಗಿನ ದನಿಗಳು ಮೂಗಿನಿಂದ ಬಂದಂತೆ ಕೇಳುವುದು ಆ ನೇರ ದಾರಿಯ ಕಾರಣಕ್ಕೆ. ಅಳುವಾಗ ಧ್ವನಿಪೆಟ್ಟಿಗೆ ಕೆಳಗಿಳಿಯುತ್ತದೆ, ಬಾಯಿ ಅಗಲವಾಗಿ ತೆರೆದು ದನಿ ಬಾಯಿಂದಲೇ ಹೊರಡುತ್ತದೆ. ತಿಂಗಳುಗಳು ಕಳೆದಂತೆ ಧ್ವನಿಪೆಟ್ಟಿಗೆ ಶಾಶ್ವತವಾಗಿ ಕೆಳಗಿಳಿಯುತ್ತ ಹೋಗುತ್ತದೆ.

ಈ ಮೇಲಿನ ನೆಲೆಯೇ ದೊಡ್ಡ ವಾದವೊಂದಕ್ಕೆ ಕಾರಣವಾಯಿತು. 1971ರಲ್ಲಿ ಭಾಷಾವಿಜ್ಞಾನಿ ಫಿಲಿಪ್ ಲೀಬರ್‌ಮನ್ ಮತ್ತು ಯೇಲ್‌ನ ಅಂಗರಚನಾ ತಜ್ಞ ಎಡ್ಮಂಡ್ ಕ್ರೆಲಿನ್ ನಿಯಾಂಡರ್ತಾಲ್ ಮಾನವರ ಧ್ವನಿನಾಳವನ್ನು ತಲೆಬುರುಡೆಯಿಂದ ಮರುಕಲ್ಪಿಸಿದರು. ಅದು ನವಜಾತ ಶಿಶುವಿನದರಂತೆಯೇ ಇತ್ತು, ಆದ್ದರಿಂದ ‘ಆ’, ‘ಈ’, ‘ಊ’ಗಳನ್ನು ಅವರು ಸ್ಪಷ್ಟವಾಗಿ ಉಚ್ಚರಿಸಲಾರರು ಎಂದರು. ಧ್ವನಿಪೆಟ್ಟಿಗೆ ಕೆಳಗಿಳಿದದ್ದೇ ಮಾತಿನ ಹುಟ್ಟು ಎಂಬ ನಂಬಿಕೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿ ನಿಂತಿತು. ಫ್ರಾನ್ಸಿನ ಗ್ರೆನೋಬ್ಲ್‌ನ ಲೂಯಿ ಜಾನ್ ಬೋ ಮತ್ತು ಸಂಗಡಿಗರು ಇದನ್ನು 2002ರಿಂದ ಗಟ್ಟಿಯಾಗಿ ಪ್ರಶ್ನಿಸುತ್ತ ಬಂದರು. ನಾಳದ ಆಕಾರ ಬೇರೆಯಾದರೂ ನಾಲಿಗೆ, ತುಟಿಗಳನ್ನು ಆಡಿಸಬಲ್ಲವರು ಆ ಸ್ವರಗಳನ್ನು ಹೊರಡಿಸಬಲ್ಲರು ಎಂದು ಲೆಕ್ಕ ಹಾಕಿ ತೋರಿಸಿದರು. 2017ರಲ್ಲಿ ಬಬೂನ್ ಕೋತಿಗಳ ಕೂಗಿನಲ್ಲೂ ಸ್ವರಗಳಂಥ ದನಿಗಳನ್ನು ಗುರುತಿಸಿದರು. ನನಗೆ ಬೋ ಅವರ ವಾದವೇ ಸರಿ ಎನಿಸುತ್ತದೆ. ಕೂಸಿಗೆ ಸ್ಪಷ್ಟ ಸ್ವರ ಬಾರದಿರುವುದು ಗಂಟಲಿನ ಕೊರತೆಗಿಂತ ಹಿಡಿತದ ಕೊರತೆ. ಬಾಯಿ ತುಂಬ ಹರಡಿಕೊಂಡ ನಾಲಿಗೆಯನ್ನು ಬೇಕಾದಲ್ಲಿ ಬೇಕಾದಷ್ಟು ಎತ್ತುವ ಆಜ್ಞೆ ಇನ್ನೂ ಮೆದುಳಿನಿಂದ ಬಂದಿಲ್ಲ.

ಮೆದುಳಿನ ಪಾತ್ರ ತಿಳಿದದ್ದು ಒಂದು ದುಃಖದ ದಾರಿಯಿಂದ. ಮೇಲ್ಮೆದುಳು ಬೆಳೆಯದೆಯೇ ಹುಟ್ಟುವ ಶಿಶುಗಳು ಬಹಳ ಹೊತ್ತು ಬದುಕುವುದಿಲ್ಲ. ಆದರೆ ಬದುಕಿದ್ದಷ್ಟು ಹೊತ್ತು ಅಳಬಲ್ಲವು. ಅಳುವಿಗೆ ಬೇಕಾದ ಮೂಲ ಸಂಪರ್ಕಗಳು ಮೆದುಳಿನ ಕಾಂಡದಲ್ಲಿ, ನಡುಮೆದುಳಿನಲ್ಲಿ ಇವೆ ಎಂದು ಇದರಿಂದ ತಿಳಿಯಿತು. ಜರ್ಮನಿಯ ಊವೆ ಯೂರ್ಗೆನ್ಸ್ ಅಳಿಲುಕೋತಿಗಳ ಮೇಲೆ ನಡೆಸಿದ ದೀರ್ಘ ಅಧ್ಯಯನಗಳೂ ನಡುಮೆದುಳಿನ ಒಂದು ಬೂದುವಸ್ತುವಿನ ಪಟ್ಟಿಯನ್ನೇ ಕೂಗಿನ ಕೀಲಿ ಎಂದು ತೋರಿಸಿದವು. ಅಲ್ಲಿಂದ ವೇಗಸ್ ನರದ ಕವಲುಗಳ ಮೂಲಕ ಆಜ್ಞೆ ಧ್ವನಿಪೆಟ್ಟಿಗೆಗೆ ಇಳಿಯುತ್ತದೆ. ಹೀಗಾಗಿ ನರಮಂಡಲದ ತೊಂದರೆ ಕೆಲವೊಮ್ಮೆ ಅಳುವಿನಲ್ಲೇ ಕೇಳಿಸುತ್ತದೆ. 1963ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜೂನ್, ಬೆಕ್ಕಿನ ಮರಿಯಂತೆ ಕೀರಲಾಗಿ ಅಳುವ ಮಕ್ಕಳಲ್ಲಿ ಐದನೆಯ ವರ್ಣತಂತುವಿನ ಗಿಡ್ಡ ತೋಳಿನ ಒಂದು ಭಾಗ ಕಳೆದುಹೋಗಿರುವುದನ್ನು ಕಂಡುಹಿಡಿದರು. ಥೈರಾಯಿಡ್ ಕೊರತೆಯೊಂದಿಗೆ ಹುಟ್ಟಿದ ಮಗುವಿನ ಅಳು ಗೊಗ್ಗರಾಗಬಹುದು. ಆದರೆ ಅಳು ಗೊಗ್ಗರಾಗುವ ತನಕ ಕಾಯುವುದು ಬುದ್ಧಿಮಾಂದ್ಯಕ್ಕೆ ದಾರಿ. ಮೊದಲ ದಿನಗಳಲ್ಲೇ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ.

ಕಾಯಿಲೆಯ ಸುಳಿವು ಅಳುವಿನಲ್ಲಿರಬಹುದು. ಅಳುವಿನ ಕಾರಣವೂ ಅಳುವಿನಲ್ಲಿದೆಯೇ? ಹಸಿವಿನ ಅಳು, ಹೊಟ್ಟೆನೋವಿನ ಅಳು, ನಿದ್ದೆಯ ಅಳು ಬೇರೆ ಬೇರೆ ಎಂಬುದು ಎಲ್ಲ ಮನೆಗಳ ನಂಬಿಕೆ. 1968ರಲ್ಲಿ ಫಿನ್ಲೆಂಡ್‌ನ ಓಲೆ ವಾಸ್-ಹೆಕರ್ಟ್ ಮತ್ತು ತಂಡ ದನಿಯ ಕಂಪನಗಳನ್ನು ತೋರಿಸುವ ಸ್ಪೆಕ್ಟ್ರೋಗ್ರಾಂ ಚಿತ್ರಗಳ ಮೂಲಕ ಹುಟ್ಟಿನ ಅಳು, ನೋವಿನ ಅಳು, ಹಸಿವಿನ ಅಳುಗಳನ್ನು ಬೇರೆ ಮಾಡಲು ನೋಡಿತು. ಆ ನಂಬಿಕೆಯ ಮೇಲೆಯೇ ಇಂದು ಅಳುವನ್ನು ‘ಅನುವಾದಿಸುವ’ ಮೊಬೈಲ್ ಆ್ಯಪ್‌ಗಳು ಮಾರಾಟವಾಗುತ್ತಿವೆ. ಆದರೆ ಸಾಕ್ಷ್ಯ ಆ ಕಡೆಗಿಲ್ಲ. 1974ರಲ್ಲೇ ತಾಯಂದಿರಿಗೆ ಅವರದೇ ಮಗುವಿನ ಮುದ್ರಿತ ಅಳುಗಳನ್ನು ಕೇಳಿಸಿದಾಗ, ಸಂದರ್ಭ ತಿಳಿಯದೆ ಕಾರಣ ಹೇಳಲು ಅವರಿಗೆ ಆಗಲಿಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್‌ನ ನಿಕೊಲಾ ಮಾತೆವಾಂ ಅವರ ತಂಡ 2023ರಲ್ಲಿ ಮಕ್ಕಳ ಮೊದಲ ತಿಂಗಳುಗಳ ಅಳುವಿನ ದೊಡ್ಡ ಸಂಗ್ರಹವನ್ನು ಯಂತ್ರಕಲಿಕೆಯಿಂದ ಶೋಧಿಸಿತು. ಅಳುವಿನಲ್ಲಿ ಯಾವ ಮಗು ಎಂಬುದು ಇತ್ತು, ವಯಸ್ಸಿನ ಗುರುತು ಇತ್ತು. ಏಕೆ ಅಳುತ್ತಿದೆ ಎಂಬುದು ಇರಲಿಲ್ಲ.

ಹಾಗಾದರೆ ಅಜ್ಜಿಗೆ ತಿಳಿಯುವುದು ಹೇಗೆ? ಹಾಲು ಕುಡಿದು ಎಷ್ಟು ಹೊತ್ತಾಯಿತು, ಬಟ್ಟೆ ಒದ್ದೆಯಾಗಿದೆಯೇ, ಕಾಲು ಹೊಟ್ಟೆಗೆ ಮಡಚುತ್ತಿದೆಯೇ ಎಂದು ಅವಳು ಏಕಕಾಲಕ್ಕೆ ಗಮನಿಸುತ್ತಿರುತ್ತಾಳೆ. ಅಳು ಹೇಳುವುದು ಸಂಕಟದ ಪ್ರಮಾಣವನ್ನು ಮಾತ್ರ. ಸಂಕಟ ಏರಿದಂತೆ ಧ್ವನಿತಂತುಗಳ ಕಂಪನದ ಕ್ರಮ ತಪ್ಪುತ್ತದೆ, ದನಿ ಒರಟಾಗುತ್ತದೆ, ಆ ಒರಟುತನಕ್ಕೆ ನಮ್ಮ ಮೈ ತಾನಾಗಿ ಎದ್ದು ನಿಲ್ಲುತ್ತದೆ. ಉಳಿದದ್ದು ಅನುಭವ. ಅನುಭವ ಎಂಬುದು ತಾಯಿಯ ಸ್ವತ್ತಲ್ಲ ಎಂಬುದನ್ನೂ ಮಾತೆವಾಂ ಅವರ ತಂಡ 2013ರಲ್ಲಿ ತೋರಿಸಿತ್ತು. ಮಗುವಿನೊಡನೆ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕಳೆಯುವ ತಂದೆಯರು ತಮ್ಮ ಮಗುವಿನ ಅಳುವನ್ನು ತಾಯಂದಿರಷ್ಟೇ ಚೆನ್ನಾಗಿ ಗುರುತಿಸಿದರು. ಮಗುವಿನ ಅಳು ತನಗೆ ತಿಳಿಯುವುದಿಲ್ಲ ಎಂದು ಕೈಚೆಲ್ಲುವ ಗಂಡಸರಿಗೆ ಈ ಒಂದು ಸಾಲು ಸಾಕು.

ಅಳುವಿನ ಪ್ರಮಾಣವೂ ಬಹಳ ಪೋಷಕರನ್ನು ಕಂಗೆಡಿಸುತ್ತದೆ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್, 80 ಮಕ್ಕಳ ತಾಯಂದಿರು ಬರೆದಿಟ್ಟ ದಿನಚರಿಗಳಿಂದ, ಅಳು ಆರನೆಯ ವಾರದವರೆಗೆ ಏರಿ ದಿನಕ್ಕೆ ಎರಡೂಮುಕ್ಕಾಲು ಗಂಟೆಯ ಆಸುಪಾಸು ಮುಟ್ಟಿ ಆಮೇಲೆ ಇಳಿಯುತ್ತದೆ ಎಂದು ತೋರಿಸಿದರು. ಇದು ಪಾಶ್ಚಾತ್ಯ ಸಾಕಣೆಯ ಫಲವಿರಬಹುದೇ? ರೊನಾಲ್ಡ್ ಬಾರ್ ಮತ್ತು ಮೆಲ್ವಿನ್ ಕಾನರ್ ಮೊದಲಾದವರು ಆಫ್ರಿಕದ ಕಲಹಾರಿಯ ಕುಂಗ್ ಸಾನ್ ಜನರ ಮಕ್ಕಳ ದಾಖಲೆಗಳನ್ನು 1991ರಲ್ಲಿ ಪ್ರಕಟಿಸಿದರು. ಅಲ್ಲಿ ಮಗು ಸದಾ ತಾಯಿಯ ಮೈಗಂಟಿಕೊಂಡೇ ಇರುತ್ತಿತ್ತು, ಗಂಟೆಗೆ ಹಲವು ಸಲ ಮೊಲೆಯುಣ್ಣುತ್ತಿತ್ತು. ಆ ಮಕ್ಕಳೂ ಮೊದಲ ತಿಂಗಳುಗಳಲ್ಲೇ ಹೆಚ್ಚು ಅಳುತ್ತಿದ್ದವು, ಪಾಶ್ಚಾತ್ಯ ಮಕ್ಕಳಷ್ಟೇ ಸಲ ಅಳುತ್ತಿದ್ದವು. ಆದರೆ ಪ್ರತಿ ಸಲದ ಅಳು ಗಿಡ್ಡ. ಎತ್ತಿಕೊಂಡರೂ ಅಳು ಶುರುವಾಗುವುದು ತಪ್ಪದು, ಆದರೆ ಬೇಗ ಮುಗಿಯುತ್ತದೆ. ಎತ್ತಿಕೊಂಡು ಅಭ್ಯಾಸ ಕೆಡಿಸಬೇಡಿ ಎಂಬ ಬುದ್ಧಿವಾದಕ್ಕೆ ಈ ವಯಸ್ಸಿನಲ್ಲಿ ಆಧಾರವಿಲ್ಲ. ಬಾರ್ ಮುಂದೆ ತಮ್ಮ ಬದುಕನ್ನು ಇನ್ನೊಂದು ಎಚ್ಚರಿಕೆಗೆ ಮೀಸಲಿಟ್ಟರು. ನಿಲ್ಲದ ಅಳುವಿಗೆ ರೋಸಿ ಮಗುವನ್ನು ಹಿಡಿದು ಕುಲುಕಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸಾವೇ ಬರಬಹುದು. ತಾಳ್ಮೆ ತಪ್ಪಿದಾಗ ಮಗುವನ್ನು ಸುರಕ್ಷಿತವಾಗಿ ಮಲಗಿಸಿ ಐದು ನಿಮಿಷ ಆಚೆ ಹೋಗುವುದರಲ್ಲಿ ತಪ್ಪಿಲ್ಲ.

ಅಳುವಿನಲ್ಲಿ ಭಾಷೆ ಇದೆಯೇ ಎಂಬ ಪ್ರಶ್ನೆ ಇತ್ತೀಚೆಗೆ ಹೆಚ್ಚು ಸುದ್ದಿ ಮಾಡಿದ್ದು. ಜರ್ಮನಿಯ ವೂರ್ಟ್ಸ್‌ಬರ್ಗ್‌ನ ಕ್ಯಾಥ್ಲೀನ್ ವೆರ್ಮ್ಕೆ ಅವರ ತಂಡ 2009ರಲ್ಲಿ ಮೂರರಿಂದ ಐದು ದಿನದ 60 ಮಕ್ಕಳ ಅಳುವನ್ನು ಹೋಲಿಸಿತು. ಅರ್ಧದಷ್ಟು ಫ್ರೆಂಚ್ ಮನೆಗಳವು, ಅರ್ಧದಷ್ಟು ಜರ್ಮನ್ ಮನೆಗಳವು. ಫ್ರೆಂಚ್ ಮಕ್ಕಳ ಅಳು ಕೆಳಗಿಂದ ಮೇಲಕ್ಕೆ ಏರುತ್ತಿತ್ತು, ಜರ್ಮನ್ ಮಕ್ಕಳದು ಮೇಲಿಂದ ಕೆಳಕ್ಕೆ ಇಳಿಯುತ್ತಿತ್ತು. ಆ ಎರಡು ಭಾಷೆಗಳ ಮಾತಿನ ಧಾಟಿಯೂ ಹಾಗೆಯೇ. ಗರ್ಭದಲ್ಲಿ ಕೇಳಿದ ಧಾಟಿಯನ್ನು ಮಗು ಅಳುವಿನಲ್ಲಿ ಅನುಕರಿಸುತ್ತಿದೆ ಎಂಬುದು ಅವರ ತೀರ್ಮಾನ. ಮಗು ಗರ್ಭದಲ್ಲೇ ಕೇಳುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ಮಕ್ಕಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಕೇಳಲು ಚೀಪುವ ಲಯವನ್ನೇ ಬದಲಿಸುತ್ತವೆ ಎಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲೇ ತೋರಿಸಿದ್ದರು. ಹೊಟ್ಟೆಯೊಳಗೆ ವ್ಯಂಜನಗಳು ಮಸುಕಾಗುತ್ತವೆ, ಧಾಟಿ ಮತ್ತು ಲಯ ಉಳಿಯುತ್ತವೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದ ತುಳು ಅಥವಾ ಕೊಂಕಣಿ ಮನೆಯ ಹೆಣ್ಣಿನ ಕೂಸು ಗರ್ಭದಲ್ಲೇ ಎರಡು ಭಾಷೆಗಳ ಧಾಟಿ ಕೇಳಿರುತ್ತದೆ.

ಕೇಳುವುದು ಒಂದು, ಕೇಳಿದ್ದನ್ನು ಮೂರನೆಯ ದಿನಕ್ಕೇ ಗಂಟಲಿಗೆ ತರುವುದು ಇನ್ನೊಂದು. ಗ್ವೆನ್ ಗಸ್ಟಾಫ್ಸನ್ ಮತ್ತು ಸಂಗಡಿಗರು 2017ರಲ್ಲಿ ನವಜಾತ ಶಿಶುಗಳ ಅಳುಗಳನ್ನು ವಿಶ್ಲೇಷಿಸಿ, ಒಂದೊಂದು ಮಗುವಿನ ಅಳುವೂ ಅದರದೇ ವಿಶಿಷ್ಟ, ಭಾಷೆಯ ಗುರುತು ಮಾತ್ರ ಕಾಣುತ್ತಿಲ್ಲ ಎಂದರು. ಅಳುವಿನ ಏರಿಳಿತ ಬಹುಪಾಲು ಉಸಿರಿನ ಒತ್ತಡವನ್ನೇ ಹಿಂಬಾಲಿಸುತ್ತದೆ. ಉಸಿರು ತುಂಬಿದಾಗ ಏರುತ್ತದೆ, ತೀರಿದಾಗ ಇಳಿಯುತ್ತದೆ. ಪ್ರಶ್ನೆ ಇನ್ನೂ ತೆರೆದಿದೆ ಎಂದು ಓದುಗರು ತಿಳಿಯಬೇಕು. ಪತ್ರಿಕೆಗಳು ಬರೆದಂತೆ ‘ಮಕ್ಕಳು ಮಾತೃಭಾಷೆಯಲ್ಲಿ ಅಳುತ್ತವೆ’ ಎಂಬುದು ಸಾಬೀತಾದ ಸತ್ಯವಲ್ಲ.

ಮಾತಿನ ಬೇರು ಹುಡುಕಬೇಕಾದ್ದು ಅಳುವಿನಲ್ಲಲ್ಲ ಎಂದು ಆಲರ್ ವಾದಿಸುತ್ತ ಬಂದಿದ್ದಾರೆ, ಆ ವಾದ ನನ್ನನ್ನು ಒಪ್ಪಿಸಿದೆ. ಅಳುವಿಗೆ ಒಂದೇ ಬಣ್ಣ. ಅದು ಯಾವಾಗಲೂ ಸಂಕಟದ ದನಿ. ಆದರೆ ಆ ಚಿಕ್ಕ ಸ್ವರಗಳು, ಕೀಚುಗಳು, ಗುರುಗುಟ್ಟುವಿಕೆಗಳು ಹಾಗಲ್ಲ. 2013ರಲ್ಲಿ ಆಲರ್ ತಂಡ ತೋರಿಸಿದಂತೆ, ಒಂದೇ ಕೀಚು ದನಿಯನ್ನು ಮಗು ಒಮ್ಮೆ ಖುಷಿಯಲ್ಲಿ, ಒಮ್ಮೆ ಸಿಡುಕಿನಲ್ಲಿ, ಒಮ್ಮೆ ಯಾವ ಭಾವವೂ ಇಲ್ಲದೆ ಬಳಸುತ್ತದೆ. ದನಿ ಭಾವದ ಹಗ್ಗದಿಂದ ಬಿಡಿಸಿಕೊಂಡಿದೆ. ‘ಬಾ’ ಎಂಬ ಪದವನ್ನು ಪ್ರೀತಿಯಿಂದಲೂ ಕೋಪದಿಂದಲೂ ನಾವು ಹೇಳಬಲ್ಲೆವು. ಆ ಬಿಡುಗಡೆ ಇಲ್ಲದೆ ಭಾಷೆ ಸಾಧ್ಯವಿಲ್ಲ. ಬೊನೊಬೊ ವಾನರಗಳ ಮರಿಗಳೂ ಇಂಥ ದನಿಗಳನ್ನು ಒಂದಿಷ್ಟು ಹೊರಡಿಸುತ್ತವೆ, ಆದರೆ ಮನುಷ್ಯ ಶಿಶುವಿಗೆ ಹೋಲಿಸಿದರೆ ತೀರ ಕಡಿಮೆ.

ಇನ್ನೂ ಮುಖ್ಯವಾದದ್ದು, ಈ ದನಿಗಳನ್ನು ಯಾರೂ ಪ್ರೇರೇಪಿಸಬೇಕಿಲ್ಲ. ದಿನ ತುಂಬದೆ ಹುಟ್ಟಿ ನವಜಾತ ಶಿಶು ಘಟಕದ ಪೆಟ್ಟಿಗೆಯಲ್ಲಿ ಮಲಗಿದ ಮಕ್ಕಳು 32ನೆಯ ವಾರದಲ್ಲೇ, ಅಂದರೆ ಗರ್ಭದಲ್ಲೇ ಇರಬೇಕಿದ್ದ ಹೊತ್ತಿನಲ್ಲಿ, ಒಬ್ಬಂಟಿಯಾಗಿ ಈ ದನಿಗಳನ್ನು ಹೊರಡಿಸುತ್ತವೆ. ಹಾಗಿದ್ದೂ ಕೇಳುವವರಿದ್ದರೆ ವ್ಯತ್ಯಾಸವಾಗುತ್ತದೆ. ಅಮೆರಿಕದ ರೋಡ್ ಐಲೆಂಡ್‌ನ ಬೆಟ್ಟಿ ವೋರ್ ಮತ್ತು ಸಂಗಡಿಗರು 2011ರಲ್ಲಿ ಕಂಡಂತೆ, ಅಪ್ಪ ಅಮ್ಮ ಬಳಿಯಿದ್ದು ಮಾತಾಡುವಾಗ ಈ ಅವಧಿಪೂರ್ವ ಮಕ್ಕಳ ದನಿಗಳು ಹೆಚ್ಚಾದವು. ಕಾಂಗರೂ ಆರೈಕೆಯಲ್ಲಿ ಮಗುವನ್ನು ಎದೆಗಪ್ಪಿಕೊಂಡ ತಾಯಿಗೆ ಮಗು ನಿದ್ದೆಗೆಡುತ್ತದೆ, ಮಾತಾಡಬೇಡಿ ಎಂದು ಗದರುವ ವಾರ್ಡುಗಳಿವೆ. ಸಣ್ಣ ದನಿಯಲ್ಲಿ ಮಾತಾಡಿಸಲು ಬಿಡಬೇಕು.

ಎರಡು ಮೂರು ತಿಂಗಳಿಗೆ ಗಂಟಲ ಹಿಂಭಾಗದಿಂದ ‘ಗೂ’, ‘ಙೂ’ ಬರುತ್ತದೆ. ಅಂಗಾತ ಮಲಗಿದ ಮಗುವಿನ ನಾಲಿಗೆ ಹಿಂದಕ್ಕೆ ಸರಿದು ಅಂಗುಳನ್ನು ಸುಲಭವಾಗಿ ತಾಕುವುದೂ ಇದಕ್ಕೊಂದು ಕಾರಣ. ನಾಲ್ಕನೆಯ ತಿಂಗಳ ಹೊತ್ತಿಗೆ ದನಿಗೂಡಿದ ನಗು ಬರುತ್ತದೆ. ಏಳನೆಯ ತಿಂಗಳ ಆಸುಪಾಸಿನಲ್ಲಿ ‘ಬಬಬ’, ‘ದದದ’ ಎಂದು ವ್ಯಂಜನ ಸ್ವರಗಳು ಲಯಕ್ಕೆ ಬಿದ್ದು ಅಕ್ಷರಗಳಾಗುತ್ತವೆ.

ಈ ದಾರಿಯಲ್ಲಿ ಒಂದು ಅಪಾಯ ಅಡಗಿದೆ. 1965ರಲ್ಲಿ ಎರಿಕ್ ಲೆನ್ನೆಬರ್ಗ್ ಮತ್ತು ಸಂಗಡಿಗರು ಕಿವುಡ ತಂದೆತಾಯಿಯರ ಮಕ್ಕಳನ್ನೂ ಕೇಳಬಲ್ಲ ತಂದೆತಾಯಿಯರ ಮಕ್ಕಳನ್ನೂ ಹೋಲಿಸಿದಾಗ ಮೊದಲ ಮೂರು ತಿಂಗಳ ದನಿಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ತಾನೇ ಕಿವುಡಾಗಿ ಹುಟ್ಟಿದ ಮಗು ಕೂಡ ಅಳುತ್ತದೆ, ‘ಗೂ’ ಎನ್ನುತ್ತದೆ, ನಗುತ್ತದೆ. ಮನೆಯವರಿಗೆ ಸಂಶಯವೇ ಬರುವುದಿಲ್ಲ. ವ್ಯತ್ಯಾಸ ಹೊರಬೀಳುವುದು ‘ಬಬಬ’ದ ಹಂತದಲ್ಲಿ. ಆಲರ್ ಮತ್ತು ರೆಬೆಕಾ ಐಲರ್ಸ್ 1988ರಲ್ಲಿ ತೋರಿಸಿದಂತೆ ಕೇಳದ ಮಕ್ಕಳಲ್ಲಿ ಆ ತೊದಲು ಬಹಳ ತಡವಾಗುತ್ತದೆ. ಹತ್ತು ತಿಂಗಳಾದರೂ ಅದು ಬಾರದಿದ್ದರೆ ‘ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ’ ಎಂದು ಸುಮ್ಮನಿರದೆ ಶ್ರವಣ ಪರೀಕ್ಷೆ ಮಾಡಿಸಬೇಕು.

ಆದರೆ ಹತ್ತು ತಿಂಗಳು ಕಾಯಬೇಕಾಗಿಯೇ ಇಲ್ಲ. ಕೇಳುವ ಕಿವಿ ತಾನೂ ಅತಿ ಸಣ್ಣ ದನಿಯೊಂದನ್ನು ಮರಳಿ ಹೊರಡಿಸುತ್ತದೆ ಎಂದು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಕಂಡುಹಿಡಿದರು. ಮಲಗಿದ ಕೂಸಿನ ಕಿವಿಗೆ ಚಿಕ್ಕ ತುದಿಯೊಂದನ್ನಿಟ್ಟು ಆ ಮರುದನಿಯನ್ನು ಅಳೆಯುವ ಒಎಇ ಪರೀಕ್ಷೆ ಕೆಲವೇ ನಿಮಿಷಗಳದ್ದು, ನೋವಿಲ್ಲದ್ದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲೇ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನವಜಾತ ಶಿಶುಗಳ ಇಂಥ ತಪಾಸಣೆಯನ್ನು ಆಸ್ಪತ್ರೆಗಳಿಗೆ ಒಯ್ದಿದೆ. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಹುಟ್ಟು ಕಿವುಡುತನವಿದೆ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯಲ್ಲಿ ದ್ರವ ಉಳಿದಿರುವುದರಿಂದ ಮೊದಲ ಸಲ ‘ಫೇಲ್’ ಎಂದು ಬಂದರೆ ಗಾಬರಿ ಬೇಡ, ಮತ್ತೆ ಮಾಡಿಸಬೇಕು. ನವಜಾತ ಶಿಶು ಘಟಕದಲ್ಲಿದ್ದ ಮಗುವಿಗೆ ನರದ ಪ್ರತಿಕ್ರಿಯೆ ಅಳೆಯುವ ಎಬಿಆರ್ ಪರೀಕ್ಷೆಯೂ ಆಗಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿಖರ ನಿರ್ಧಾರ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ತಜ್ಞರು ಒಪ್ಪಿದ ಕಾಲಮಿತಿ. ಅದಾದ ಮಗುವಿಗೆ ಏಳನೆಯ ತಿಂಗಳ ತೊದಲು ತೀರ ತಡವಾಗಬೇಕಿಲ್ಲ.